ತಪ್ಪು ಯಾರದು? ಅಪಘಾತದ ನಂತರದ ಲೆಕ್ಕಾಚಾರ

2017ರ ಜನವರಿ 7. ಕೊಯಮತ್ತೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಇಪ್ಪತ್ತು ವರ್ಷದ ಹುಡುಗನೊಬ್ಬ ಗೆಳೆಯನನ್ನು ಹಿಂದೆ ಕೂರಿಸಿಕೊಂಡು ಹೆದ್ದಾರಿಯಲ್ಲಿ ಮೋಟಾರ್ ಸೈಕಲ್ ಓಡಿಸುತ್ತಿದ್ದ. ಮುಂದಿದ್ದ ಕಾರು ಇದ್ದಕ್ಕಿದ್ದಂತೆ ನಿಂತಿತು. ಬೈಕು ಕಾರಿನ ಹಿಂಬದಿಗೆ ಬಡಿಯಿತು. ಹುಡುಗ ರಸ್ತೆಗೆ ಬಿದ್ದ. ಹಿಂದಿನಿಂದ ಬರುತ್ತಿದ್ದ ಬಸ್ಸು ಅವನ ಮೇಲೆ ಹರಿಯಿತು. ಪ್ರಾಣವೇನೋ ಉಳಿಯಿತು, ಎಡಗಾಲನ್ನು ಕತ್ತರಿಸಬೇಕಾಯಿತು.

ತಪ್ಪು ಯಾರದು? ಕಾರು ನಿಲ್ಲಿಸಿದವನದೇ? ಅಂತರ ಬಿಡದೆ ಹಿಂಬಾಲಿಸಿದ ಹುಡುಗನದೇ? ಬಸ್ಸಿನ ಚಾಲಕನದೇ? ಗರ್ಭಿಣಿ ಹೆಂಡತಿಗೆ ವಾಂತಿ ಬಂದಂತಾಗಿ ಕಾರು ನಿಲ್ಲಿಸಬೇಕಾಯಿತು ಎಂದು ಕಾರಿನವರು ಹೇಳಿದರು. ಹುಡುಗನ ಬಳಿ ಸರಿಯಾದ ಚಾಲನಾ ಪರವಾನಗಿ ಇರಲಿಲ್ಲ ಎಂಬುದೂ ಹೊರಬಂತು.

ಈ ಒಂದೇ ಪ್ರಶ್ನೆಗೆ ಮೂರು ನ್ಯಾಯಪೀಠಗಳು ಮೂರು ಉತ್ತರ ಕೊಟ್ಟವು. ಅಪಘಾತ ಪರಿಹಾರ ನ್ಯಾಯಮಂಡಳಿ ಕಾರಿನವರನ್ನು ಪೂರ್ತಿ ಬಿಟ್ಟು, ಬಸ್ಸಿನದು ನೂರಕ್ಕೆ 80, ಹುಡುಗನದು 20 ಎಂದಿತು. ಹೈಕೋರ್ಟು ಕಾರಿಗೆ 40, ಬಸ್ಸಿಗೆ 30, ಹುಡುಗನಿಗೆ 30 ಎಂದು ಹಂಚಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ಕಾರಿಗೆ 50, ಬಸ್ಸಿಗೆ 30, ಹುಡುಗನಿಗೆ 20 ಎಂದು ತೀರ್ಮಾನಿಸಿತು. ವೇಗದ ಹೆದ್ದಾರಿಯಲ್ಲಿ ಹಿಂದಿನವರಿಗೆ ಸೂಚನೆ ಕೊಡದೆ ಹಠಾತ್ತನೆ ನಿಲ್ಲಿಸುವುದಕ್ಕೆ ಕಾರಿನವರು ಕೊಟ್ಟ ಕಾರಣ ಸಾಲದು ಎಂಬುದು ಅದರ ನಿಲುವು.

ಅಂಕಿಗಳ ಹಿಂದೆ ಹಣವಿದೆ. ಕೊನೆಗೆ ಲೆಕ್ಕ ಹಾಕಿದ ಒಟ್ಟು ಪರಿಹಾರ 1,14,24,066 ರೂಪಾಯಿ. ಅದರಲ್ಲಿ ಹುಡುಗನ ಪಾಲಿನ ಶೇಕಡ 20 ಕಳೆದು ಅವನ ಕೈಗೆ ಬರಬೇಕಾದದ್ದು 91,39,253 ರೂಪಾಯಿ. ಹೈಕೋರ್ಟಿನ ಆದೇಶದಲ್ಲಿ ಅವನಿಗೆ ಬಂದದ್ದು 58,53,447 ಮಾತ್ರ. ಈ ವ್ಯತ್ಯಾಸದಲ್ಲಿ ಬೇರೆ ಲೆಕ್ಕಗಳೂ ಸೇರಿವೆ, ನಿಜ. ಆದರೆ ತಪ್ಪಿನ ಪಾಲು ಒಂದನ್ನೇ ನೋಡಿದರೂ, ಶೇಕಡ 10ರ ಏರಿಳಿತಕ್ಕೆ ಹನ್ನೊಂದು ಲಕ್ಷಕ್ಕೂ ಹೆಚ್ಚು ರೂಪಾಯಿಯ ಬೆಲೆ. ಒಂದು ಕಾಲು ಕಳೆದುಕೊಂಡ ವಿದ್ಯಾರ್ಥಿಗೆ ಅದು ಕೃತಕ ಕಾಲಿನ ಖರ್ಚು, ಓದಿನ ಖರ್ಚು, ಮುಂದಿನ ಬದುಕಿನ ಖರ್ಚು.

ಮಗನ ಕೈಗೆ ಬೈಕಿನ ಕೀಲಿ ಕೊಡುವ, ಮಗಳಿಗೆ ಸ್ಕೂಟರ್ ಕೊಡಿಸುವ ಪ್ರತಿಯೊಂದು ಮನೆಯವರೂ ಈ ಲೆಕ್ಕವನ್ನು ಒಮ್ಮೆ ಅರ್ಥ ಮಾಡಿಕೊಂಡಿರುವುದು ಒಳ್ಳೆಯದು.

ವಿಮಾ ಕಂಪನಿಯ ಮಾತು ತೀರ್ಪಲ್ಲ

ಅಪಘಾತವಾದ ಮೇಲೆ ಮನೆಯವರು ಮೊದಲು ಕೇಳುವ ಮಾತು, "ನಿಮ್ಮ ಹುಡುಗನದೇ ತಪ್ಪು, ಪರಿಹಾರ ಬರುವುದಿಲ್ಲ" ಎಂಬುದು. ಎದುರು ವಾಹನದವರು ಹೇಳುತ್ತಾರೆ. ಕೆಲವೊಮ್ಮೆ ಠಾಣೆಯಲ್ಲೂ ಹೇಳುತ್ತಾರೆ. ವಿಮಾ ಕಂಪನಿಯ ಪತ್ರದಲ್ಲೂ ಅದೇ ಇರುತ್ತದೆ. ಆಸ್ಪತ್ರೆಯ ಬಿಲ್ಲು ಹಿಡಿದು ಕೂತ ತಂದೆತಾಯಿಗೆ ಇದು ಗಾಯದ ಮೇಲೆ ಬರೆ. ಎಷ್ಟೋ ಜನ ಅಲ್ಲಿಗೇ ಕೈಚೆಲ್ಲುತ್ತಾರೆ.

ಆದರೆ ತಪ್ಪು ಯಾರದೆಂದು ತೀರ್ಮಾನಿಸುವ ಅಧಿಕಾರ ವಿಮಾ ಕಂಪನಿಗಿಲ್ಲ. ಅದು ವ್ಯಾಜ್ಯದಲ್ಲಿ ಒಂದು ಪಕ್ಷ, ಅಷ್ಟೆ. ತೀರ್ಮಾನ ಮಾಡುವುದು 1988ರ ಮೋಟಾರು ವಾಹನ ಕಾಯ್ದೆಯಡಿ ಕೆಲಸ ಮಾಡುವ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ಬೆಂಗಳೂರಿನಲ್ಲಿ ಲಘು ವ್ಯಾಜ್ಯಗಳ ನ್ಯಾಯಾಲಯದ ನ್ಯಾಯಾಧೀಶರೂ, ಇತರ ಕಡೆ ಜಿಲ್ಲಾ ಮತ್ತು ಸಿವಿಲ್ ನ್ಯಾಯಾಧೀಶರೂ ಈ ಕೆಲಸ ಮಾಡುತ್ತಾರೆ.

ವಿಮಾ ಕಂಪನಿ ವಾದ ಹೂಡುವುದನ್ನು ಅನ್ಯಾಯ ಎನ್ನುವಂತಿಲ್ಲ. ಅದು ಕೊಡುವ ಹಣ ಲಕ್ಷಾಂತರ ವಾಹನ ಮಾಲೀಕರು ಕಟ್ಟಿದ ಪ್ರೀಮಿಯಂ. ಸುಳ್ಳು ಪ್ರಕರಣಗಳೂ ಬರುತ್ತವೆ. ಬೇರೆ ಎಲ್ಲೋ ಬಿದ್ದು ಗಾಯ ಮಾಡಿಕೊಂಡು ವಾಹನದ ಮೇಲೆ ಹೇಳುವವರೂ ಉಂಟು. ವಾಹನದ ಮಾಲೀಕ ನ್ಯಾಯಮಂಡಳಿಯ ಮುಂದೆ ವಾದಿಸದೆ ಸುಮ್ಮನಿದ್ದರೆ, ಇಲ್ಲವೇ ಅರ್ಜಿದಾರರ ಜೊತೆ ಕೈಜೋಡಿಸಿದ್ದರೆ, ಕಾಯ್ದೆಯ 170ನೆಯ ಕಲಮಿನಡಿ ಅನುಮತಿ ಪಡೆದು ಕಂಪನಿಯೇ ಎಲ್ಲ ವಾದಗಳನ್ನೂ ಎತ್ತಬಹುದು. ಹೀಗಾಗಿ ಉತ್ತರ ಕೊಡಬೇಕಾದದ್ದು ಕೋಪದಿಂದಲ್ಲ, ದಾಖಲೆಯಿಂದ.

ನಿಯಮ ಮುರಿದದ್ದು ಬೇರೆ, ಅಪಘಾತಕ್ಕೆ ಕಾರಣ ಬೇರೆ

ಕಾಲೇಜು ಹುಡುಗರ ವಿರುದ್ಧ ಸಾಮಾನ್ಯವಾಗಿ ಬರುವ ವಾದಗಳು ಮೂರು: ಪರವಾನಗಿ ಇರಲಿಲ್ಲ, ಒಂದೇ ಬೈಕಿನಲ್ಲಿ ಮೂವರು ಕೂತಿದ್ದರು, ಹೆಲ್ಮೆಟ್ ಹಾಕಿರಲಿಲ್ಲ. ಇವು ಮೂರೂ ಅಪರಾಧವೇ. ದಂಡ ಕಟ್ಟಲೇಬೇಕು. ಆದರೆ ಅಪರಾಧ ಮಾಡಿದ ಮಾತ್ರಕ್ಕೆ ಅಪಘಾತಕ್ಕೂ ಅವನೇ ಕಾರಣ ಎಂದಾಗುತ್ತದೆಯೇ?

ದೆಹಲಿಯ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2020ರಲ್ಲಿ ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿತು. 2008ರಲ್ಲಿ ಮೂವರು ಹೋಗುತ್ತಿದ್ದ ಬೈಕಿಗೆ ಹಿಂದಿನಿಂದ ಕಾರು ಗುದ್ದಿತ್ತು. ಇಪ್ಪತ್ತಮೂರು ವರ್ಷದ ಯುವಕ ತೀರಿಕೊಂಡ. ಮೂವರು ಕೂತಿದ್ದರಿಂದ ಅವನದೂ ಪಾಲಿದೆ ಎಂದು ಹೈಕೋರ್ಟು ಪರಿಹಾರದಲ್ಲಿ ಶೇಕಡ 10 ಕಳೆಯಿತು. ತಂದೆತಾಯಿ ಸುಪ್ರೀಂ ಕೋರ್ಟಿಗೆ ಹೋದರು. ಮೂವರು ಕೂತದ್ದು ನಿಯಮಬಾಹಿರ ನಿಜ. ಆದರೆ ಆ ಉಲ್ಲಂಘನೆಗೂ ಅಪಘಾತಕ್ಕೂ, ಇಲ್ಲವೇ ಆ ಉಲ್ಲಂಘನೆಗೂ ಆದ ಪೆಟ್ಟಿಗೂ ಕಾರ್ಯಕಾರಣ ಸಂಬಂಧ ಇರಬೇಕು, ಬರಿಯ ಊಹೆ ಸಾಲದು ಎಂದು ನ್ಯಾಯಾಲಯ ಹೇಳಿ ಆ ಕಡಿತವನ್ನು ತೆಗೆದುಹಾಕಿತು.

ಇದನ್ನು ಹೀಗೆ ಯೋಚಿಸಬಹುದು. ಕೆಂಪು ದೀಪ ನೋಡಿ ನಿಂತಿರುವ ಬೈಕಿಗೆ ಹಿಂದಿನಿಂದ ಲಾರಿ ಬಂದು ಗುದ್ದಿತು ಎನ್ನಿ. ಬೈಕಿನಲ್ಲಿ ಇಬ್ಬರಿದ್ದರೂ ಮೂವರಿದ್ದರೂ ಲಾರಿ ಗುದ್ದುತ್ತಿತ್ತು. ಅದೇ, ಮೂವರ ಭಾರಕ್ಕೆ ಬೈಕು ಹಿಡಿತ ತಪ್ಪಿ ತಿರುವಿನಲ್ಲಿ ಎದುರಿನ ಕಾರಿಗೆ ಅಡ್ಡ ಬಂದರೆ ಮಾತು ಬೇರೆ. ಹೆಲ್ಮೆಟ್ಟಿಗೂ ಇದೇ ತರ್ಕ. ಕಾಲು ಮುರಿದವನಿಗೆ ಹೆಲ್ಮೆಟ್ ಇಲ್ಲದ್ದರಿಂದ ಮುರಿಯಿತು ಎನ್ನಲಾಗದು. ತಲೆಗೆ ಪೆಟ್ಟಾದವನ ವಿಷಯದಲ್ಲಿ ಆ ಪ್ರಶ್ನೆ ಏಳುತ್ತದೆ.

ಪರವಾನಗಿಯ ವಿಷಯದಲ್ಲೂ ಹಾಗೆಯೇ. ಪರವಾನಗಿ ಇಲ್ಲದೆ ಓಡಿಸಿದ್ದು ಅಪರಾಧ. ಆದರೆ ಅದೊಂದರಿಂದಲೇ ಅಪಘಾತದಲ್ಲಿ ನಿರ್ಲಕ್ಷ್ಯ ತೋರಿದ ಎಂದು ಹೇಳಲಾಗದು ಎಂದು 2008ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಹಾಗೆಂದು ಯಾರೂ ಧೈರ್ಯ ತಂದುಕೊಳ್ಳುವಂತಿಲ್ಲ. ಕೊಯಮತ್ತೂರಿನ ಹುಡುಗನಿಗೆ ಶೇಕಡ 20 ಹೊರಿಸುವಾಗ, ಮುಂದಿನ ವಾಹನದಿಂದ ಸಾಕಷ್ಟು ಅಂತರ ಬಿಡದಿದ್ದುದರ ಜೊತೆಗೆ ಪರವಾನಗಿ ಇಲ್ಲದ್ದನ್ನೂ ನ್ಯಾಯಾಲಯ ಎತ್ತಿ ಹೇಳಿತು. ಒಂದು ತಪ್ಪಿನ ಜೊತೆ ಸೇರಿದಾಗ ಇನ್ನೊಂದು ತಪ್ಪಿಗೂ ತೂಕ ಬರುತ್ತದೆ.

ಹಿಂದೆ ಕೂತವರ ಹಕ್ಕು

ಸವಾರನ ತಪ್ಪಿಗೆ ಹಿಂದೆ ಕೂತವರು ಹೊಣೆಯೇ? ಸಾಮಾನ್ಯವಾಗಿ ಅಲ್ಲ. ಎರಡು ವಾಹನಗಳ ತಪ್ಪಿನಿಂದ ಮೂರನೆಯವರಿಗೆ ಗಾಯವಾದರೆ, ಆ ಗಾಯಾಳು ಇಬ್ಬರಲ್ಲಿ ಯಾರನ್ನಾದರೂ ಹಿಡಿದು ಪೂರ್ತಿ ಪರಿಹಾರ ಕೇಳಬಹುದು ಎಂದು 2015ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಗೆಳತಿಯ ಸ್ಕೂಟರಿನಲ್ಲಿ ಹಿಂದೆ ಕೂತ ಹುಡುಗಿಗೆ ಲಾರಿಯ ವಿಮಾ ಕಂಪನಿ "ಸ್ಕೂಟರಿನದೂ ಅರ್ಧ ತಪ್ಪು, ಅರ್ಧ ಮಾತ್ರ ಕೊಡುತ್ತೇವೆ" ಎಂದರೆ ಒಪ್ಪಬೇಕಾಗಿಲ್ಲ. ಪೂರ್ತಿ ಕೊಟ್ಟು, ಸ್ಕೂಟರಿನ ಪಾಲನ್ನು ಆ ಕಡೆಯಿಂದ ವಸೂಲು ಮಾಡಿಕೊಳ್ಳುವುದು ಕಂಪನಿಯ ಪಾಡು.

ಆದರೆ ಸವಾರನದೇ ಪೂರ್ತಿ ತಪ್ಪಾಗಿ, ಬೇರೆ ವಾಹನವೇ ಇಲ್ಲದಿದ್ದರೆ? ಆಗ ಆ ಸ್ಕೂಟರಿನ ಪಾಲಿಸಿ ನೋಡಬೇಕು. ಕಾಯ್ದೆಗೆ ಬೇಕಾದಷ್ಟು ಮಾತ್ರ ಮಾಡಿಸಿದ 'ಥರ್ಡ್ ಪಾರ್ಟಿ' ಪಾಲಿಸಿ ಹಿಂದೆ ಕೂತವರನ್ನು ಒಳಗೊಳ್ಳುವುದಿಲ್ಲ ಎಂದು 2006ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. ಅಗ್ಗದ ಪಾಲಿಸಿ ಮಾಡಿಸುವಾಗ ಈ ಮಾತು ನೆನಪಿರಲಿ.

ತನ್ನದೇ ತಪ್ಪಾದರೆ

ತನ್ನ ತಪ್ಪಿನಿಂದಲೇ ಅಪಘಾತವಾದರೆ ತಾನೇ ಪರಿಹಾರ ಕೇಳುವುದು ಕಷ್ಟ. 2014ರ ಜೂನ್‌ನಲ್ಲಿ ಮಲ್ಲಸಂದ್ರದಿಂದ ಅರಸೀಕೆರೆಗೆ ಹೋಗುತ್ತಿದ್ದ ಕಾರೊಂದು ಅತಿವೇಗದಲ್ಲಿ ಉರುಳಿ ಚಾಲಕ ತೀರಿಕೊಂಡರು. ಮನೆಯವರು 80 ಲಕ್ಷ ರೂಪಾಯಿ ಕೇಳಿದರು. ಅಪಘಾತಕ್ಕೆ ಚಾಲಕರ ನಿರ್ಲಕ್ಷ್ಯವೇ ಕಾರಣ ಎಂದು ಕರ್ನಾಟಕ ಹೈಕೋರ್ಟು ನಿರಾಕರಿಸಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟೂ ಅದರಲ್ಲಿ ಕೈಹಾಕಲಿಲ್ಲ.

ಗೆಳೆಯರ ಬೈಕು ಎರವಲು ಪಡೆಯುವವರು ಇನ್ನೊಂದು ಪ್ರಕರಣ ತಿಳಿದಿರಬೇಕು. ಎರವಲು ಬೈಕಿನಲ್ಲಿ ಇಳಕಲ್‌ನಿಂದ ಗುಡೂರಿಗೆ ಹೊರಟಿದ್ದವರೊಬ್ಬರು ಮುಂದಿದ್ದ ಎತ್ತಿನ ಗಾಡಿಗೆ ಗುದ್ದಿ ಸತ್ತರು. ತಪ್ಪು ಸಾಬೀತು ಮಾಡದೆಯೇ ಪರಿಹಾರ ಕೊಡುವ ಕಲಮೊಂದು ಆಗ ಇತ್ತು. ಆ ಕಲಮಿನ ಮಟ್ಟಿಗೆ, ವಾಹನ ಎರವಲು ಪಡೆದವನು ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ, ಆದ್ದರಿಂದ ಅದೇ ವಾಹನದ ವಿಮೆಯಿಂದ ಪರಿಹಾರ ಕೇಳುವಂತಿಲ್ಲ ಎಂದು 2009ರಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಇಂಥ ಸಂದರ್ಭಕ್ಕೆಂದೇ ಮಾಲೀಕ-ಚಾಲಕರಿಗೆ 15 ಲಕ್ಷ ರೂಪಾಯಿಗಳ ವೈಯಕ್ತಿಕ ಅಪಘಾತ ವಿಮೆ ಇದೆ. ಇದರಲ್ಲಿ ತಪ್ಪು ಯಾರದೆಂಬ ಪ್ರಶ್ನೆ ಬರುವುದಿಲ್ಲ. ಆದರೆ ಇದು ಪರವಾನಗಿ ಇರುವ ಮಾಲೀಕರಿಗೆ. ಅಪ್ಪನ ಹೆಸರಿನ ಸ್ಕೂಟರನ್ನು ಮಗ ಓಡಿಸುತ್ತಿದ್ದರೆ ಮಾಲೀಕ ಅಪ್ಪನೇ ಹೊರತು ಮಗನಲ್ಲ. ದಿನವೂ ಓಡಿಸುವವರು ಮಕ್ಕಳಾದರೆ ಅವರ ಹೆಸರಿನಲ್ಲಿ ಬೇರೆಯೇ ಅಪಘಾತ ವಿಮೆ ಮಾಡಿಸುವುದು ಜಾಣತನ.

ಹದಿನೆಂಟು ತುಂಬದವರ ಕೈಗೆ ವಾಹನ ಕೊಟ್ಟ ತಂದೆತಾಯಿಯ ಸ್ಥಿತಿ ಇನ್ನೂ ಬಿಗಿ. 2019ರಿಂದ ಜಾರಿಯಲ್ಲಿರುವ 199ಎ ಕಲಮಿನಡಿ ಪೋಷಕರು ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ, ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು, ಹುಡುಗನಿಗೆ 25 ವರ್ಷ ತುಂಬುವವರೆಗೆ ಪರವಾನಗಿ ಇಲ್ಲ. ಗಾಯಾಳುವಿಗೆ ವಿಮಾ ಕಂಪನಿ ಪರಿಹಾರ ಕೊಟ್ಟರೂ ಆ ಹಣವನ್ನು ಮಾಲೀಕರಿಂದ ವಸೂಲು ಮಾಡಿಕೊಳ್ಳುವ ಹಾದಿ ಅದಕ್ಕೆ ತೆರೆದಿರುತ್ತದೆ.

ಮೊದಲ ದಿನದ ಮಾತು, ಕೊನೆಯ ದಿನದ ಸಾಕ್ಷಿ

ತಪ್ಪಿನ ವಾದದಲ್ಲಿ ಗೆಲ್ಲುವುದು ಸೋಲುವುದು ಬಹುಪಾಲು ಮೊದಲ ಕೆಲವು ದಿನಗಳಲ್ಲೇ ನಿರ್ಧಾರವಾಗಿರುತ್ತದೆ.

ಮೊದಲನೆಯದು ಆಸ್ಪತ್ರೆ. ತುರ್ತು ಚಿಕಿತ್ಸಾ ವಿಭಾಗದಲ್ಲಿ ವೈದ್ಯರು "ಹೇಗಾಯಿತು?" ಎಂದು ಕೇಳಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಜೊತೆಗೆ ಬಂದವರು ಗಾಬರಿಯಲ್ಲಿ, ಇಲ್ಲವೇ ಪೊಲೀಸರ ತಾಪತ್ರಯ ಬೇಡವೆಂದು, "ಗಾಡಿಯಿಂದ ಬಿದ್ದ" ಎಂದುಬಿಡುತ್ತಾರೆ. ವರ್ಷದ ನಂತರ ಇದೇ ಮಾತು ವಿಮಾ ಕಂಪನಿಯ ವಕೀಲರ ಕೈಯಲ್ಲಿರುತ್ತದೆ. ತಾನಾಗಿಯೇ ಬಿದ್ದವನು ಈಗ ಕಾರಿನ ಹೆಸರು ಹೇಳುತ್ತಿದ್ದಾನೆ ಎಂದು ಅವರು ವಾದಿಸುತ್ತಾರೆ. ಆದ್ದರಿಂದ ಯಾವ ವಾಹನ, ಯಾವ ಕಡೆಯಿಂದ, ಎಲ್ಲಿ ಗುದ್ದಿತು ಎಂಬುದನ್ನು ಗೊತ್ತಿದ್ದಷ್ಟು ನಿಜವಾಗಿ ಹೇಳಬೇಕು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬೇಕು.

ಎರಡನೆಯದು ಪೊಲೀಸ್ ದೂರು. ಆದಷ್ಟು ಬೇಗ ಕೊಡಬೇಕು. ಚಿಕಿತ್ಸೆಯ ಓಡಾಟದಲ್ಲಿ ತಡವಾದರೆ ಕಾರಣವನ್ನು ದೂರಿನಲ್ಲೇ ಬರೆಯಬೇಕು. ತಡವಾದ ಮಾತ್ರಕ್ಕೆ ಅರ್ಜಿ ತಳ್ಳಿಹಾಕುವಂತಿಲ್ಲ, ಮನೆಯವರು ಮೊದಲು ಗಾಯಾಳುವನ್ನು ನೋಡಿಕೊಳ್ಳುವುದು ಸಹಜ ಎಂಬುದು ಸುಪ್ರೀಂ ಕೋರ್ಟಿನ 2011ರ ತೀರ್ಪಿನ ಸಾರ.

ಮೂರನೆಯದು ಸ್ಥಳ. ವಾಹನಗಳನ್ನು ಸರಿಸುವ ಮೊದಲು ಫೋಟೊ ತೆಗೆದಿದ್ದರೆ ಅದಕ್ಕಿಂತ ದೊಡ್ಡ ಸಾಕ್ಷಿಯಿಲ್ಲ. ಚಕ್ರದ ಗುರುತು, ಗಾಜಿನ ಚೂರು ಬಿದ್ದ ಜಾಗ, ರಸ್ತೆಯ ಮಧ್ಯದ ಗೆರೆ, ವಾಹನಕ್ಕೆ ಪೆಟ್ಟು ಬಿದ್ದ ಭಾಗ, ಇವೆಲ್ಲ ಮಾತನಾಡುತ್ತವೆ. ಅಂಗಡಿ, ಪೆಟ್ರೋಲ್ ಬಂಕುಗಳ ಕ್ಯಾಮೆರಾದ ದೃಶ್ಯಗಳು ಕೆಲವೇ ದಿನಗಳಲ್ಲಿ ಅಳಿಸಿಹೋಗಬಹುದು. ಅವನ್ನು ಉಳಿಸಿಕೊಡುವಂತೆ ಕೂಡಲೇ ಠಾಣೆಗೆ ಬರೆದು ಕೊಡಬೇಕು. ಸ್ಥಳ ಮಹಜರು, ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ, ಗಾಯದ ಪ್ರಮಾಣಪತ್ರ, ಆರೋಪ ಪಟ್ಟಿ, ಇವುಗಳ ಪ್ರತಿಗಳನ್ನು ಪಡೆದು ಓದಬೇಕು. ನಕ್ಷೆಯಲ್ಲಿ ಬೈಕು ರಸ್ತೆಯ ಬಲಬದಿಯಲ್ಲಿದೆ ಎಂದು ತಪ್ಪಾಗಿ ಗುರುತು ಮಾಡಿದ್ದರೆ ಆಗಲೇ ಮೇಲಧಿಕಾರಿಗೆ ಲಿಖಿತವಾಗಿ ತಿಳಿಸಬೇಕು.

ನಾಲ್ಕನೆಯದು ಸಹಿ. ವಿಮಾ ಕಂಪನಿಯ ತನಿಖೆಯವರು ಮನೆಗೆ ಬಂದು ಹೇಳಿಕೆ ಕೇಳಬಹುದು. ನಿಜ ಹೇಳುವುದಕ್ಕೆ ಅಂಜಿಕೆ ಬೇಡ. ಓದದೆ ಸಹಿ ಹಾಕುವುದು ಬೇಡ. "ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಕೇಸು ಮುಗಿಯಿತು" ಎಂಬ ಸಲಹೆಯನ್ನೂ ವಕೀಲರನ್ನು ಕೇಳದೆ ಪಾಲಿಸಬಾರದು. ಅಲ್ಲಿ ಒಪ್ಪಿಕೊಂಡದ್ದನ್ನು ಪರಿಹಾರದ ಅರ್ಜಿಯಲ್ಲಿ ಎದುರಿಗಿಡುತ್ತಾರೆ.

ನ್ಯಾಯಮಂಡಳಿಯ ಮುಂದೆ

ಇಲ್ಲಿ ಕ್ರಿಮಿನಲ್ ನ್ಯಾಯಾಲಯದ ಹಾಗೆ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕಾಗಿಲ್ಲ. ಯಾರ ಮಾತು ನಡೆದಿರಲು ಹೆಚ್ಚು ಸಾಧ್ಯ ಎಂಬುದನ್ನು ತೂಗಿ ನೋಡಿದರೆ ಸಾಕು ಎಂದು 2009ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಎದುರು ಚಾಲಕ ಕ್ರಿಮಿನಲ್ ಕೇಸಿನಲ್ಲಿ ಬಿಡುಗಡೆಯಾದರೂ ಪರಿಹಾರದ ಬಾಗಿಲು ಮುಚ್ಚುವುದಿಲ್ಲ.

ಅರ್ಜಿಯನ್ನು ಅಪಘಾತವಾದ ಊರಿನಲ್ಲೇ ಹಾಕಬೇಕೆಂದಿಲ್ಲ. ಅರ್ಜಿದಾರರು ವಾಸಿಸುವ ಊರಿನ ನ್ಯಾಯಮಂಡಳಿಯಲ್ಲೂ ಹಾಕಬಹುದು. ಬೆಂಗಳೂರಿನ ಹಾಸ್ಟೆಲಿನಲ್ಲಿದ್ದ ಮಗನನ್ನು ಕಳೆದುಕೊಂಡ ಬೀದರಿನ ತಂದೆತಾಯಿ ಬೀದರಿನಲ್ಲೇ ಅರ್ಜಿ ಹಾಕಬಹುದು. 2022ರ ಏಪ್ರಿಲ್ 1ರಿಂದ ಇದಕ್ಕೆ ಆರು ತಿಂಗಳ ಗಡುವು ಬಂದಿದೆ. ಈ ಗಡುವನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮುಂದೆ ಬಂದಿವೆ. ಆದರೂ ಗಡುವಿನೊಳಗೆ ಹಾಕುವುದೇ ಕ್ಷೇಮ.

ಅದೇ ದಿನದಿಂದ ಜಾರಿಗೆ ಬಂದ ನಿಯಮಗಳಂತೆ ಪೊಲೀಸರು ಅಪಘಾತದ ಮೊದಲ ವರದಿಯನ್ನು 48 ಗಂಟೆಗಳಲ್ಲಿ, ವಿವರವಾದ ವರದಿಯನ್ನು 90 ದಿನಗಳಲ್ಲಿ ನ್ಯಾಯಮಂಡಳಿಗೆ ಸಲ್ಲಿಸಬೇಕು. ವಿಮಾ ಕಂಪನಿ ತಾನೇ ಒಂದು ಮೊತ್ತವನ್ನು ಮುಂದಿಡಬಹುದು. ಒಪ್ಪುವುದು ಬಿಡುವುದು ಮನೆಯವರ ಇಷ್ಟ. ಒಪ್ಪದಿದ್ದರೆ ವಿಚಾರಣೆ ಮುಂದುವರಿಯುತ್ತದೆ.

ತಪ್ಪಿನ ವಾದವೇ ಬೇಡವೆನ್ನುವವರಿಗೆ 164ನೆಯ ಕಲಮು ಇದೆ. ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ, ಯಾರದೇ ತಪ್ಪು ಸಾಬೀತು ಮಾಡದೆ ಸಿಗುತ್ತದೆ. ಆದರೆ ಇದನ್ನು ಸ್ವೀಕರಿಸಿದರೆ ತಪ್ಪಿನ ಆಧಾರದ ಮೇಲೆ ಹೆಚ್ಚು ಕೇಳುವ ಅರ್ಜಿ ಬಿದ್ದುಹೋಗುತ್ತದೆ. ತಕ್ಷಣದ ಹಣಕ್ಕೆ ಆಸೆಪಟ್ಟು ಕೊಯಮತ್ತೂರಿನ ಹುಡುಗ ಎರಡೂವರೆ ಲಕ್ಷಕ್ಕೆ ಒಪ್ಪಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ಸಾಕು.

ನ್ಯಾಯಮಂಡಳಿಯ ತೀರ್ಪು ಒಪ್ಪಿಗೆಯಾಗದಿದ್ದರೆ 90 ದಿನಗಳಲ್ಲಿ ಹೈಕೋರ್ಟಿಗೆ ಮೇಲ್ಮನವಿ. ವಕೀಲರ ಖರ್ಚು ಭರಿಸಲಾಗದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಮಿತಿಗಿಂತ ಕಡಿಮೆ ಆದಾಯದವರಿಗೆ ಅಲ್ಲಿ ಉಚಿತ ನೆರವು ಉಂಟು.

ಇನ್ನು ಸ್ವಂತ ವಾಹನಕ್ಕಾದ ನಷ್ಟದ ಮಾತು ಬೇರೆ. ಪೂರ್ಣ ಪಾಲಿಸಿ ಇದ್ದರೆ ತಪ್ಪು ಯಾರದಾದರೂ ತನ್ನ ಕಂಪನಿಯಿಂದಲೇ ರಿಪೇರಿ ಹಣ ಕೇಳಬಹುದು. ಕಂಪನಿ ನಿರಾಕರಿಸಿದರೆ, ಇಲ್ಲವೇ ದೂರು ಕೊಟ್ಟು ಮೂವತ್ತು ದಿನವಾದರೂ ಉತ್ತರಿಸದಿದ್ದರೆ ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಬೆಂಗಳೂರಿನಲ್ಲೂ ಕಚೇರಿ ಇದೆ, ಶುಲ್ಕವಿಲ್ಲ. ಆದರೆ ಎದುರು ವಾಹನದ ಕಂಪನಿಯ ಜೊತೆಗಿನ ಜಗಳಕ್ಕೆ ಜಾಗ ನ್ಯಾಯಮಂಡಳಿಯೇ.

ಕೊಯಮತ್ತೂರಿನ ಆ ವಿದ್ಯಾರ್ಥಿಗೆ ಕೊನೆಯ ಉತ್ತರ ಸಿಗಲು ಎಂಟೂವರೆ ವರ್ಷ ಹಿಡಿಯಿತು. ಪೂರ್ತಿ ತಪ್ಪು ಅವನದೂ ಅಲ್ಲ, ಅವನದು ಏನೂ ತಪ್ಪಿಲ್ಲ ಎಂದೂ ಅಲ್ಲ ಎಂಬುದು ಆ ಉತ್ತರ. ಮುಂದಿನ ಗಾಡಿಯಿಂದ ಇನ್ನೊಂದಿಷ್ಟು ಅಂತರ ಬಿಟ್ಟಿದ್ದರೆ, ಜೇಬಿನಲ್ಲಿ ಪರವಾನಗಿ ಇದ್ದಿದ್ದರೆ, ಆ ಇಪ್ಪತ್ತರ ಲೆಕ್ಕವನ್ನು ಅವನ ಮೇಲೆ ಹೊರಿಸುವುದು ಕಷ್ಟವಾಗುತ್ತಿತ್ತು. ಅಂತರ ಇನ್ನೂ ಹೆಚ್ಚಿದ್ದಿದ್ದರೆ ಕಾಲೂ ಉಳಿಯುತ್ತಿತ್ತೋ ಏನೋ.